ತಲೆಯಲ್ಲೇ ಸಿಕ್ಕಿಕೊಂಡ ಸ್ವೆಟರ್: ಮಕ್ಕಳ ಕ್ರೋಶಾ ಬಟ್ಟೆಯ ಅಳತೆ ಕುರಿತು ಒಂದು ಪ್ರಕರಣ ಅಧ್ಯಯನ

ಮಗು ಇರುವುದು ಮಡಿಕೇರಿಯಲ್ಲಿ, ಹೆಣೆಯುವ ಅಜ್ಜಿ ಶಿವಮೊಗ್ಗದಲ್ಲಿ. ಮಗುವಿಗೆ 22 ತಿಂಗಳು. ಡಿಸೆಂಬರ್ ಚಳಿಗೆ ಆಗಲೆಂದು ಅಜ್ಜಿ ಅಕ್ಟೋಬರ್‌ನಲ್ಲಿ ಒಂದು ಅಮೆರಿಕನ್ ಪ್ಯಾಟರ್ನ್ ಆರಿಸಿಕೊಂಡರು. ಕುತ್ತಿಗೆಯಿಂದ ಶುರುಮಾಡಿ ಕೆಳಕ್ಕೆ ಹೆಣೆಯುವ, ತಲೆ ಮೇಲಿಂದ ಹಾಕುವ ರಗ್ಲಾನ್ (ತೋಳಿನ ಜೋಡಣೆ ಕುತ್ತಿಗೆಯಿಂದ ಕಂಕುಳಿಗೆ ಓರೆಯಾಗಿ ಇಳಿಯುವ) ಸ್ವೆಟರ್ ಅದು. ಬೆನ್ನಿನ ಮೇಲ್ಭಾಗದಲ್ಲಿ ಸಣ್ಣ ಸೀಳು, ಅದಕ್ಕೊಂದು ಗುಂಡಿ. ಪ್ಯಾಟರ್ನ್‌ನಲ್ಲಿ 1, 2 ಮತ್ತು 4 ವರ್ಷದ ಸೈಜುಗಳಿದ್ದವು. ಮಗುವಿಗೆ ಇನ್ನೇನು ಎರಡು ತುಂಬುತ್ತದಲ್ಲ ಎಂದು 2 ವರ್ಷದ್ದನ್ನು ಹೆಣೆದು, ಅಂಚು ಮುಗಿಸಿ, ಕೊರಿಯರ್ ಮಾಡಿದರು.

ಮಡಿಕೇರಿಯಿಂದ ಬಂದ ವಾಯ್ಸ್ ಮೆಸೇಜ್ ಹೀಗಿತ್ತು: "ಅಮ್ಮ, ತಲೆನೇ ಹೋಗ್ತಿಲ್ಲ. ಕಿವಿ ಹತ್ರ ಸಿಕ್ಕೊಂಡು ಒಂದೇ ಸಮ ಅಳು. ಹೆಂಗೋ ಇಳಿಸ್ದೆ, ಫ್ರಾಕ್ ಮೇಲೆ ಬಿಗೀತಾ ಇದೆ, ಕಂಕುಳಲ್ಲಿ ಮಡಚಿಕೊಳ್ತಿದೆ. ಉದ್ದ ಮಾತ್ರ ಕರೆಕ್ಟಾಗಿದೆ."

ಈ ಕೊನೆಯ ಮಾತಿನಲ್ಲೇ ರೋಗದ ಮೂಲ ಇದೆ. ಸ್ವೆಟರ್ ಒಟ್ಟಾರೆ ಚಿಕ್ಕದಾಗಿದ್ದರೆ ಸೈಜ್ ಆಯ್ಕೆ ತಪ್ಪಿತು ಎನ್ನಬಹುದಿತ್ತು. ಇಲ್ಲಿ ಮೈಯ ಉದ್ದ ಸರಿ, ತೋಳಿನ ಉದ್ದ ಸರಿ. ಎದೆ, ತೋಳಿನ ಸುತ್ತು, ಕುತ್ತಿಗೆ ಮೂರೂ ಬಿಗಿ. ಪ್ಯಾಟರ್ನ್ ತೆಗೆದು ನೋಡಿದರೆ ಉದ್ದಗಳನ್ನೆಲ್ಲ "18 ಸೆಂ.ಮೀ. ಆಗುವವರೆಗೆ", "19 ಸೆಂ.ಮೀ. ಆಗುವವರೆಗೆ ಹೆಣೆಯಿರಿ" ಎಂದು ಕೊಟ್ಟಿದ್ದಾರೆ. ಸುತ್ತಳತೆಗಳನ್ನೆಲ್ಲ ಸ್ಟಿಚ್‌ಗಳ ಎಣಿಕೆಯಲ್ಲಿ ಕೊಟ್ಟಿದ್ದಾರೆ. ಟೇಪ್ ನೋಡಿ ನಿಲ್ಲಿಸಿದ ಕಡೆಯೆಲ್ಲ ಸರಿ ಬಂದಿದೆ, ಎಣಿಸಿ ನಿಲ್ಲಿಸಿದ ಕಡೆಯೆಲ್ಲ ಕೆಟ್ಟಿದೆ. ಹೀಗಾದಾಗ ತಪ್ಪು ಸೈಜಿನದಲ್ಲ, ಗೇಜಿನದು, ಅಂದರೆ ಇಷ್ಟು ಸೆಂಟಿಮೀಟರಿಗೆ ಇಷ್ಟು ಸ್ಟಿಚ್, ಇಷ್ಟು ಸಾಲು ಎಂಬ ಲೆಕ್ಕದ್ದು.

ಮೊದಲ ಸ್ವೆಟರಿನ ಲೆಕ್ಕ

ಪ್ಯಾಟರ್ನ್ ಕೇಳುವ ಗೇಜ್: 4 ಮಿ.ಮೀ. ಕಡ್ಡಿಯಲ್ಲಿ (ತುದಿ ಕೊಕ್ಕೆಯಾಗಿರುವ ಕ್ರೋಶಾ ಕಡ್ಡಿ) 16 ಡಬಲ್ ಕ್ರೋಶಾ (ಎತ್ತರದ ಒಂದು ಬಗೆಯ ಸ್ಟಿಚ್) 10 ಸೆಂ.ಮೀ. ಅಗಲ, 9 ಸಾಲು 10 ಸೆಂ.ಮೀ. ಎತ್ತರ. ಎದೆಯ ಸುತ್ತ 92 ಸ್ಟಿಚ್, ಅಂದರೆ 57.5 ಸೆಂ.ಮೀ. ಮಡಿಕೇರಿಯಿಂದ ವಾಪಸ್ ತರಿಸಿದ ಸ್ವೆಟರನ್ನು ಮೇಜಿನ ಮೇಲೆ ಹರಡಿ, ಸ್ಕೇಲ್ ಇಟ್ಟು ಎಣಿಸಿದಾಗ 10 ಸೆಂ.ಮೀ.ಗೆ 18 ಸ್ಟಿಚ್, 10 ಸಾಲು ಸಿಕ್ಕಿತು. ಹಾಗಾದರೆ ಅದೇ 92 ಸ್ಟಿಚ್ ಬರೀ 51.1 ಸೆಂ.ಮೀ. ಮಗುವಿನ ಎದೆ 50. ಒಳಗೆ ಬನಿಯನ್, ಅದರ ಮೇಲೆ ಫ್ರಾಕ್ ಹಾಕಿದ ಮೇಲೆ ಉಳಿಯುವ ಜಾಗ ಏನೂ ಇಲ್ಲ. ತೋಳಿನ ಮೇಲ್ಭಾಗದ 34 ಸ್ಟಿಚ್ 21.2 ಸೆಂ.ಮೀ. ಆಗಬೇಕಿದ್ದದ್ದು 18.9ಕ್ಕೆ ನಿಂತಿದೆ.

ಕುತ್ತಿಗೆಯ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಸೀಳು ಇರುವ ಕುತ್ತಿಗೆಯಲ್ಲಿ ತಲೆ ಹೋಗುವ ದಾರಿ ಎಂದರೆ ಕುತ್ತಿಗೆಯ ಸುತ್ತಿಗೆ ಸೀಳಿನ ಆಳದ ಎರಡರಷ್ಟನ್ನು ಕೂಡಿಸಿದ್ದು. ಪ್ಯಾಟರ್ನ್ ಪ್ರಕಾರ 56 ಸ್ಟಿಚ್ 35 ಸೆಂ.ಮೀ., ಸೀಳು 8 ಸಾಲು ಅಂದರೆ 8.9 ಸೆಂ.ಮೀ., ಒಟ್ಟು 52.8. ಅಜ್ಜಿಯ ಕೈಯಲ್ಲಿ 56 ಸ್ಟಿಚ್ 31.1, ಸೀಳು 8, ಒಟ್ಟು 47.1. ಮಗುವಿನ ತಲೆ 48. ಅಷ್ಟು ಸಾಲದೆಂಬಂತೆ ಆರಂಭದ ಚೈನ್ (ಹೆಣಿಗೆ ಶುರುಮಾಡುವ, ಸರಪಳಿಯಂಥ ಕುಣಿಕೆಗಳ ಸಾಲು) ಬೇರೆ ಬಿಗಿ. ಕ್ರೋಶಾ ಚೈನ್ ಹಿಗ್ಗುವುದಿಲ್ಲ. ಎರಡು ಕಡ್ಡಿಯಲ್ಲಿ ಹೆಣೆಯುವ ಸ್ವೆಟರಿನ ರಿಬ್ ಕುತ್ತಿಗೆ ಹಿಗ್ಗಿದಂತೆ ಇದೂ ಹಿಗ್ಗುತ್ತದೆ ಎಂದು ನಂಬಿದವರೆಲ್ಲ ಮೋಸ ಹೋಗುತ್ತಾರೆ. ಹುಟ್ಟಿದ ಮಗುವಿನ ತಲೆ ಅದರ ಎದೆಗಿಂತ ದೊಡ್ಡದಿರುತ್ತದೆ, ಒಂದು ವರ್ಷದ ಹೊತ್ತಿಗೆ ಎರಡೂ ಹೆಚ್ಚುಕಮ್ಮಿ ಸಮ, ಆಮೇಲೆ ಎದೆ ಮುಂದಾಗುತ್ತದೆ. ಎರಡು ವರ್ಷದಲ್ಲೂ ಅಂತರ ಎರಡು ಮೂರು ಸೆಂಟಿಮೀಟರ್ ಮಾತ್ರ. ದೊಡ್ಡವರ ಸ್ವೆಟರಿನಲ್ಲಿ ಕುತ್ತಿಗೆ ತಾನಾಗಿ ಹೊಂದಿಕೊಳ್ಳುತ್ತದೆ, ಮಕ್ಕಳದ್ದರಲ್ಲಿ ಲೆಕ್ಕ ಹಾಕಿಯೇ ಬಿಡಬೇಕು. ತಲೆಯ ಸುತ್ತಿಗಿಂತ ಕನಿಷ್ಠ 2 ಸೆಂ.ಮೀ. ಜಾಸ್ತಿ ದಾರಿ ಬೇಕು.

ಗೇಜ್ ತಪ್ಪಿದ್ದೆಲ್ಲಿ

ಅಜ್ಜಿ ಮಾದರಿ ತುಂಡು ಹೆಣೆದಿರಲಿಲ್ಲ ಎಂದಲ್ಲ. 12 ಸ್ಟಿಚ್, 6 ಸಾಲಿನ ತುಂಡು ಹೆಣೆದು, ಬೆರಳಲ್ಲಿ ಅಗಲಿಸಿ ಹಿಡಿದು, ಅಂಚಿನಿಂದ ಅಂಚಿಗೆ ಅಳೆದಿದ್ದರು. 7.5 ಸೆಂ.ಮೀ. ಬಂತು, ಪ್ಯಾಟರ್ನ್‌ಗೆ ಕೂಡಿತು. ನಿಜಕ್ಕೂ ಅವರ ಕೈಯ 12 ಸ್ಟಿಚ್ 6.7 ಸೆಂ.ಮೀ. ಅಂಚಿನ ಸ್ಟಿಚ್‌ಗಳೂ ಹೊಸ ಸಾಲಿಗೆ ತಿರುಗುವಾಗ ಹಾಕುವ ತಿರುವಿನ ಚೈನ್‌ಗಳೂ ಯಾವಾಗಲೂ ಸಡಿಲ; ತುಂಡು ಚಿಕ್ಕದಾದಷ್ಟೂ ಅವುಗಳ ಪಾಲು ದೊಡ್ಡದು. ಅದರ ಮೇಲೆ ಬೆರಳಿನ ಎಳೆತ. ಹೀಗೆ 8 ಮಿ.ಮೀ. ತಪ್ಪಿತು. 12 ಸ್ಟಿಚ್‌ಗೆ 8 ಮಿ.ಮೀ. ಎಂದರೆ 92 ಸ್ಟಿಚ್‌ಗೆ ಆರೂವರೆ ಸೆಂಟಿಮೀಟರ್ ಹತ್ತಿರ, ಅಂದರೆ ಒಂದು ಸೈಜಿಗೂ ಮಿಕ್ಕ ವ್ಯತ್ಯಾಸ.

ಎರಡನೆಯ ಕಾರಣ ನೂಲು. ಪ್ಯಾಟರ್ನ್ ಕೇಳಿದ್ದು ಡಿಕೆ (ಮಧ್ಯಮಕ್ಕಿಂತ ತುಸು ತೆಳುವಾದ) ದಪ್ಪದ ನೂಲು. ಶಿವಮೊಗ್ಗದ ಅಂಗಡಿಯಲ್ಲಿ ಸಿಕ್ಕಿದ್ದು 4 ಪ್ಲೈ ಎಂದು ಬರೆದ ಮೃದುವಾದ ಅಕ್ರಿಲಿಕ್ ಬೇಬಿ ಉಲ್ಲನ್. ಪ್ಲೈ ಎಂದರೆ ಎಷ್ಟು ಎಳೆ ಕೂಡಿಸಿ ಹುರಿ ಮಾಡಿದ್ದಾರೆ ಎಂಬ ಎಣಿಕೆ ಅಷ್ಟೆ. ತೆಳು ಎಳೆಗಳ ನಾಲ್ಕು ಪ್ಲೈಯೂ ದಪ್ಪ ಎಳೆಗಳ ನಾಲ್ಕು ಪ್ಲೈಯೂ ಒಂದೇ ಅಲ್ಲ. ಬ್ರಿಟನ್ನಿನಲ್ಲಂತೂ 4 ಪ್ಲೈ ಎಂಬುದೇ ಡಿಕೆಗಿಂತ ತೆಳುವಾದ ಒಂದು ದಪ್ಪದ ಹೆಸರು. ಅಂಗಡಿಯಲ್ಲೇ ಪರೀಕ್ಷಿಸುವ ದಾರಿ ಇದೆ: ಮೊದಲು ಬಳಸಿದ, ದಪ್ಪ ಗೊತ್ತಿರುವ ನೂಲಿನ ಒಂದು ತುಂಡು ಪರ್ಸಿನಲ್ಲಿರಲಿ. ಎರಡನ್ನೂ ಪೆನ್ಸಿಲಿಗೆ ಎಳೆಯದೆ, ಒಂದರ ಪಕ್ಕ ಒಂದು ತಾಗುವಂತೆ ಇಂಚಿನಷ್ಟು ಅಗಲ ಸುತ್ತಿ, ಸುತ್ತುಗಳನ್ನು ಎಣಿಸಿ ಹೋಲಿಸಿ.

ಅಮೆರಿಕನ್ ಡಬಲ್ ಕ್ರೋಶಾ ಬದಲು ಬ್ರಿಟಿಷ್ ಡಬಲ್ ಕ್ರೋಶಾ ಹೆಣೆದುಬಿಟ್ಟರೇ ಎಂಬ ಅನುಮಾನವೂ ಇತ್ತು, ಮಕ್ಕಳ ಬಟ್ಟೆ ಕೆಡುವುದಕ್ಕೆ ಅದೂ ಒಂದು ಮಾಮೂಲಿ ಕಾರಣ. ಆದರೆ ಬ್ರಿಟಿಷರ ಡಬಲ್ ಕ್ರೋಶಾ ಅಮೆರಿಕನ್ನರ ಸಿಂಗಲ್. ಸಾಲಿನ ಎತ್ತರ ಅರ್ಧದಷ್ಟಾಗುತ್ತಿತ್ತು. ಇಲ್ಲಿ ಸಾಲು ಪೂರ್ತಿ 1 ಸೆಂ.ಮೀ. ಇದ್ದದ್ದರಿಂದ ಆ ಅನುಮಾನ ಬಿಟ್ಟಿತು.

"2 ವರ್ಷ" ಎಂಬ ಅಂಕಿಯ ಬಗ್ಗೆಯೂ ಹೇಳಬೇಕು. ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್‌ನ ಅಳತೆ ಪಟ್ಟಿಯನ್ನು ಬಹಳ ಪ್ಯಾಟರ್ನ್‌ಗಳು ಅನುಸರಿಸುತ್ತವೆ. ಅದರ ಶಿಶುಗಳ ಪಟ್ಟಿಯಲ್ಲಿ 24 ತಿಂಗಳಿಗೆ ಎದೆ 20 ಇಂಚು, ಮಕ್ಕಳ ಪಟ್ಟಿಯಲ್ಲಿ 2 ವರ್ಷಕ್ಕೆ 21 ಇಂಚು. ವಯಸ್ಸು ಒಂದೇ, ಅಳತೆ ಎರಡು! ಯುರೋಪಿನಲ್ಲಿ ಮಕ್ಕಳ ಬಟ್ಟೆಗೆ 86, 92, 98 ಎಂದು ಎತ್ತರವನ್ನೇ ಸೈಜಾಗಿ ಹಾಕುತ್ತಾರೆ, ಅದು ಎಷ್ಟೋ ವಾಸಿ. ಪ್ಯಾಟರ್ನ್‌ನಲ್ಲಿ ನೋಡಬೇಕಾದ್ದು ವಯಸ್ಸನ್ನಲ್ಲ, "ಹೆಣೆದು ಮುಗಿದ ಮೇಲಿನ ಎದೆ ಸುತ್ತಳತೆ" ಎಂಬ ಸಾಲನ್ನು. ಆ ಸಾಲಿಲ್ಲದ ಪ್ಯಾಟರ್ನನ್ನು ಮಕ್ಕಳಿಗೆ ಹೆಣೆಯದಿರುವುದೇ ಲೇಸು.

ದೂರದ ಮಗುವಿನ ಅಳತೆ

ಎರಡನೆಯ ಸ್ವೆಟರಿಗೆ ಅಳತೆಯನ್ನೇ ಮೊದಲು ಕೇಳಿದರು. ಮಗಳು ಕಳಿಸಿದ ಮೊದಲ ಎದೆ ಅಳತೆ 54. ಫೋಟೋ ಕೇಳಿದಾಗ ಗೊತ್ತಾಯಿತು, ಟೇಪ್ ಸುತ್ತಿದ್ದು ದಪ್ಪ ಟೀ ಶರ್ಟ್ ಮೇಲೆ, ಅದೂ ಮಗು ಓಡುತ್ತಿರುವಾಗ. ಎರಡು ವರ್ಷದ ಮಗುವನ್ನು ನಿಲ್ಲಿಸಿ ಅಳೆಯುತ್ತೇನೆ ಎನ್ನುವುದು ಆಗದ ಮಾತು. ಮಡಿಲಲ್ಲಿ ಕೂರಿಸಿಕೊಂಡು, ಕೈಗೆ ಏನಾದರೂ ಕೊಟ್ಟು, ಬನಿಯನ್ ಮೇಲೆ ಕಂಕುಳ ಕೆಳಗೆ ಕಾಗದದ ಪಟ್ಟಿ ಸುತ್ತಿ ಗುರುತು ಹಾಕಿಕೊಳ್ಳಬೇಕು. ಆಮೇಲೆ ಪಟ್ಟಿಯನ್ನು ಸ್ಕೇಲಿನಲ್ಲಿ ಅಳೆಯಬೇಕು. ಉಲ್ಲನ್ ದಾರ ಸುತ್ತಬೇಡಿ, ಹಿಗ್ಗುತ್ತದೆ. ಹಳೆಯ ಟೇಪೂ ಹಿಗ್ಗಿರುತ್ತದೆ, ಒಮ್ಮೆ 30 ಸೆಂ.ಮೀ. ಸ್ಕೇಲಿನ ಪಕ್ಕ ಇಟ್ಟು ನೋಡಿಬಿಡಿ. ಕೈಯ ಉದ್ದ ಮಗು ಮಲಗಿದ್ದಾಗ. ತಲೆ, ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಹಾಯಿಸಿ.

ಸಿಕ್ಕ ಅಳತೆಗಳು: ಎದೆ 50, ತಲೆ 48, ತೋಳಿನ ದಪ್ಪ 16, ಕಂಕುಳಿಂದ ಮಣಿಕಟ್ಟಿಗೆ 20, ಎತ್ತರ 84 ಸೆಂ.ಮೀ. ತಾಳೆ ನೋಡಲು ಮಗುವಿಗೆ ಈಗ ಚೆನ್ನಾಗಿ ಕೂರುವ ಒಂದು ಟೀ ಶರ್ಟನ್ನು ನೆಲದ ಮೇಲೆ ಹರಡಿ ಕಂಕುಳಿಂದ ಕಂಕುಳಿಗೆ ಅಳೆದರು: 28, ಅಂದರೆ ಸುತ್ತ 56. ಎದೆ 50ಕ್ಕೆ 6 ಲೂಸ್, ಹೊಂದುತ್ತದೆ. ದೂರದಿಂದ ಹೆಣೆಯುವವರಿಗೆ ಮೈ ಅಳತೆಗಿಂತ ಹೀಗೆ ಹರಡಿದ ಬಟ್ಟೆಯ ಅಳತೆಯೇ ನಂಬಿಕಸ್ಥ, ಬಟ್ಟೆ ಅಲ್ಲಾಡುವುದಿಲ್ಲ.

ಎಷ್ಟು ಲೂಸ್, ಎಲ್ಲಿ ಲೂಸ್

ಬನಿಯನ್ ಮೇಲೆ ನೇರ ಹಾಕುವ ಕಾಟನ್ ಮೇಲಂಗಿಗೆ 4–5 ಸೆಂ.ಮೀ., ಫ್ರಾಕ್ ಮೇಲಿನ ಸ್ವೆಟರಿಗೆ 7–8, ಎಲ್ಲದರ ಮೇಲಿನ ದಪ್ಪ ಜಾಕೆಟ್ಟಿಗೆ 10. ಇಲ್ಲಿ 8 ಹಿಡಿದು ಎದೆ 58 ಎಂದು ನಿಗದಿಯಾಯಿತು.

"ಬೆಳೆಯೋ ಮಗು, ಇನ್ನೊಂದು ಸೈಜ್ ದೊಡ್ಡದೇ ಇರಲಿ" ಎನ್ನುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅಂಗಡಿಯ ಬಟ್ಟೆಗೆ ಅದು ಅನಿವಾರ್ಯ, ಕೈಯಲ್ಲಿ ಹೆಣೆಯುವವರಿಗೆ ಅಲ್ಲ. ಮೂರನೆಯ ವರ್ಷದಲ್ಲಿ ಮಗು ಸುಮಾರು 9 ಸೆಂ.ಮೀ. ಎತ್ತರವಾಗುತ್ತದೆ. ಎದೆ? ಅದೇ ಕೌನ್ಸಿಲ್ ಪಟ್ಟಿಯಲ್ಲಿ 2 ವರ್ಷಕ್ಕೆ 21 ಇಂಚು ಇದ್ದದ್ದು 4 ವರ್ಷಕ್ಕೆ 23, ವರ್ಷಕ್ಕೆ ಒಂದೇ ಇಂಚು. ತೋಳಿನ ದಪ್ಪ ಎರಡು ವರ್ಷದಲ್ಲಿ ಅರ್ಧ ಇಂಚು, ತೋಳಿನ ಉದ್ದ ಎರಡು ಇಂಚು. ಅಂದರೆ ಬೆಳವಣಿಗೆಗೆ ಜಾಗ ಬಿಡಬೇಕಾದ್ದು ಉದ್ದದಲ್ಲಿ. ಅಗಲದಲ್ಲಿ ಬಿಟ್ಟರೆ ಭುಜ ಜಾರುತ್ತದೆ, ಕುತ್ತಿಗೆ ಬಾಯಿ ಬಿಡುತ್ತದೆ, ಕಂಕುಳ ಕೆಳಗೆ ಗಂಟು ಸೇರಿ ಮಗು ಕೈ ಎತ್ತಲಾರದು.

ಕುತ್ತಿಗೆ ಅಗಲವಾಯಿತೆಂದು ದಾರ ಪೋಣಿಸಿ ಬಿಗಿಯುವುದು, ತುದಿಗೆ ಉಂಡೆ ಕಟ್ಟುವುದು ಚೆನ್ನಾಗಿ ಕಾಣುತ್ತದೆ. ಮಾಡಬಾರದು. ದಾರ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯುತ್ತದೆ. ಯುರೋಪಿನ ಇಎನ್ 14682 ಮಾನದಂಡ ಚಿಕ್ಕ ಮಕ್ಕಳ ಬಟ್ಟೆಯ ಕುತ್ತಿಗೆಯಲ್ಲಿ ಎಳೆದು ಬಿಗಿಯುವ ದಾರವನ್ನೇ ನಿಷೇಧಿಸುತ್ತದೆ.

ಎರಡನೆಯ ಸ್ವೆಟರಿನ ಲೆಕ್ಕ

ತಲೆಯ ತಕರಾರೇ ಬೇಡವೆಂದು ಮುಂದೆ ಗುಂಡಿ ಹಾಕುವ ಕಾರ್ಡಿಗನ್ ಎಂದಾಯಿತು. ಅದೇ ನೂಲು. 4.5 ಮಿ.ಮೀ. ಕಡ್ಡಿಯಲ್ಲಿ ಪ್ಯಾಟರ್ನಿನ ಗೇಜ್ ಹತ್ತಿರ ಬರುತ್ತಿತ್ತು, ಆದರೆ ನೂಲು ತೆಳುವಾದ್ದರಿಂದ ಬಟ್ಟೆ ಜಾಳುಜಾಳಾಗಿ ಮಗುವಿನ ಬೆರಳು ತೂತಿನಲ್ಲಿ ಸಿಕ್ಕುವಂತಾಯಿತು. ಹಾಗಾಗಿ ಕಡ್ಡಿ 4ರಲ್ಲೇ ಉಳಿಸಿ, ಸ್ಟಿಚ್‌ಗಳ ಲೆಕ್ಕವನ್ನೇ ಬದಲಿಸಿದರು. ಈ ಸಲದ ಮಾದರಿ ತುಂಡು 30 ಸ್ಟಿಚ್, 16 ಸಾಲು. ಒಗೆದು, ನೆಲದಲ್ಲಿ ಹರಡಿ ಒಣಗಿಸಿ, ನಡುವಿನ 10 ಸೆಂ.ಮೀ. ಮಾತ್ರ ಎಣಿಸಿದ್ದು. 18 ಸ್ಟಿಚ್, 10 ಸಾಲು: ಒಂದು ಸೆಂ.ಮೀ.ಗೆ 1.8 ಸ್ಟಿಚ್, ಒಂದು ಸಾಲು. ಅಕ್ರಿಲಿಕ್ ತುಂಡಿಗೆ ಇಸ್ತ್ರಿ ತಾಗಿಸಬೇಡಿ. ಬಿಸಿಗೆ ನೂಲು ಸತ್ತು ಚಪ್ಪಟೆಯಾಗಿ ಗೇಜೂ ಸುಳ್ಳು ಹೇಳುತ್ತದೆ.

ಗುಂಡಿ ಪಟ್ಟಿ 3 ಸೆಂ.ಮೀ., ಒಂದರ ಮೇಲೊಂದು ಕೂರುವುದರಿಂದ ಸುತ್ತಳತೆಗೆ ಒಂದೇ ಸಲ ಸೇರುತ್ತದೆ. ಪಟ್ಟಿ ಬಿಟ್ಟು ಮೈಗೆ ಬೇಕಾದ್ದು 55 ಸೆಂ.ಮೀ., 1.8ರಿಂದ ಗುಣಿಸಿದರೆ 99, ಸಮ ಸಂಖ್ಯೆಗೆ 98. ತೋಳಿಗೆ 16ಕ್ಕೆ 5 ಸೇರಿಸಿ 21 ಸೆಂ.ಮೀ., ಅಂದರೆ 38 ಸ್ಟಿಚ್. ಪ್ರತಿ ಕಂಕುಳಿಗೆ 4 ಚೈನ್. ಇವನ್ನು ಕಳೆದರೆ ಯೋಕ್ (ಕುತ್ತಿಗೆಯಿಂದ ಕಂಕುಳವರೆಗಿನ ಭಾಗ) ಮುಗಿಯುವಾಗ ಕೈಯಲ್ಲಿರಬೇಕಾದ್ದು ಬೆನ್ನು 46, ಮುಂಭಾಗ ತಲಾ 22, ತೋಳು ತಲಾ 34, ಒಟ್ಟು 158.

ಇಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಯೋಕ್ 13 ಸೆಂ.ಮೀ. ಆಳ, ಅಂದರೆ 13 ಸಾಲು. ಮೊದಲ ಸಾಲು ಬಿಟ್ಟು ಉಳಿದ 12ರಲ್ಲೂ ಹೆಚ್ಚಿಸುವುದು. ನಾಲ್ಕು ರಗ್ಲಾನ್ ಗುರುತುಗಳ ಎರಡೂ ಪಕ್ಕದ ಸ್ಟಿಚ್‌ನಲ್ಲಿ ಎರಡೆರಡು ಡಬಲ್ ಕ್ರೋಶಾ ಹಾಕಿದರೆ ಸಾಲಿಗೆ 8 ಹೆಚ್ಚುತ್ತದೆ, 12 ಸಾಲಿಗೆ 96. 158ರಲ್ಲಿ 96 ಹೋದರೆ 62. ಕುತ್ತಿಗೆಯಲ್ಲಿ ಶುರು ಮಾಡುವುದು ಹೀಗೆ: ಮುಂಭಾಗ 10, ತೋಳು 10, ಬೆನ್ನು 22, ತೋಳು 10, ಮುಂಭಾಗ 10. ಚೈನ್ 64 ಹಾಕಿ ಕಡ್ಡಿಯಿಂದ ನಾಲ್ಕನೆಯದರಲ್ಲಿ ಮೊದಲ ಡಬಲ್ ಕ್ರೋಶಾ. ಬಿಟ್ಟ ಮೂರು ಚೈನ್ ಒಂದು ಸ್ಟಿಚ್ ಎಂದು ಲೆಕ್ಕ. ಚೈನಿಗೆ ಮಾತ್ರ 5 ಮಿ.ಮೀ. ಕಡ್ಡಿ ಹಿಡಿದರು, ಮೊದಲ ಸ್ವೆಟರಿನ ಬಿಗಿ ಕುತ್ತಿಗೆಗೆ ಅಷ್ಟೇ ಮದ್ದು.

ಡಬಲ್ ಕ್ರೋಶಾ ಯೋಕಿನಲ್ಲಿ ಒಂದು ತೊಡಕು ಸಹಜವಾಗಿ ಬರುತ್ತದೆ. ಸಾಲು ಎತ್ತರವಿರುವುದರಿಂದ ಹೆಚ್ಚಿಸಲು ಸಿಗುವ ಸಾಲುಗಳು ಕಡಿಮೆ. ಎದೆ ಅಗಲ ಬೇಕೆಂದರೆ ಕುತ್ತಿಗೆಯನ್ನೇ ಅಗಲವಾಗಿ ಶುರು ಮಾಡಬೇಕಾಗುತ್ತದೆ. ಇಲ್ಲೂ 62 ಸ್ಟಿಚ್ 34.4 ಸೆಂ.ಮೀ., ಪಟ್ಟಿ ಸೇರಿದರೆ 37. ಎರಡು ವರ್ಷದ ಕುತ್ತಿಗೆಗೆ ಅದು ಬಾವಿ. ಯೋಕನ್ನು ಇನ್ನೂ ಆಳ ಮಾಡಿ ಸರಿಪಡಿಸಲು ಹೋದರೆ ಕಂಕುಳು ಸೊಂಟದ ಹತ್ತಿರ ಇಳಿಯುತ್ತದೆ. ಕೊನೆಗೆ ಕುತ್ತಿಗೆಯ ಅಂಚಿನಲ್ಲೇ ಸರಿಪಡಿಸಿದರು: 3.5 ಮಿ.ಮೀ. ಕಡ್ಡಿಯಲ್ಲಿ ಎರಡು ಸಾಲು ಸಿಂಗಲ್ ಕ್ರೋಶಾ, ಮೊದಲ ಸಾಲಿನಲ್ಲಿ ಪ್ರತಿ ಆರನೆಯ ಸ್ಟಿಚ್ ಬಿಟ್ಟು. 62 ಹೋಗಿ 52 ಆಯಿತು, ಗುಂಡಿ ಹಾಕಿದಾಗ ಕುತ್ತಿಗೆ 32 ಸೆಂ.ಮೀ. ಒಳಗೆ ಬಂತು.

ಯೋಕ್ ಮುಗಿದಾಗ ಮತ್ತೆ ಗೇಜ್ ನೋಡಿದರು. ಇದನ್ನು ಬಹಳ ಜನ ಮಾಡುವುದಿಲ್ಲ, ಆದರೆ ಬಿಚ್ಚಿದರೂ ನಷ್ಟ ಕಡಿಮೆ ಇರುವ ಕೊನೆಯ ಹಂತ ಇದೇ. 10 ಸೆಂ.ಮೀ.ಗೆ 17.5 ಸ್ಟಿಚ್, ಕೈ ಒಗ್ಗಿದಂತೆ ಸ್ವಲ್ಪ ಸಡಿಲವಾಗಿತ್ತು. ಆ ಲೆಕ್ಕದಲ್ಲಿ ಮೈ 56, ಪಟ್ಟಿ ಸೇರಿ 59. ಗುರಿಗಿಂತ 1 ಸೆಂ.ಮೀ. ಜಾಸ್ತಿ, ಬಿಚ್ಚಲಿಲ್ಲ. ಅದೇ 2 ಸೆಂ.ಮೀ. ಬಿಗಿಯಾಗಿದ್ದರೆ ಬಿಚ್ಚಲೇಬೇಕಿತ್ತು.

ಕಂಕುಳಿಂದ ಕೆಳಗೆ 17 ಸಾಲು, ಅದರ ಕೆಳಗೆ 3 ಸೆಂ.ಮೀ. ರಿಬ್ ಅಂಚು, ಯೋಕ್ ಸೇರಿ ಒಟ್ಟು 33. ತೋಳು 38ರಿಂದ, ಮೂರು ಸಾಲಿಗೊಮ್ಮೆ 2ರಂತೆ ಐದು ಸಲ ಕಡಿಮೆ ಮಾಡಿ 28ಕ್ಕೆ. ಇನ್ನೂ ಕಿರಿದಾದರೆ ಮುಷ್ಟಿ ಹೋಗುವುದಿಲ್ಲ, ಕಫ್ ಅಳತೆಗೆ ಮಣಿಕಟ್ಟನ್ನು ನೋಡಬಾರದು. ತೋಳು 17 ಸಾಲು, ಕಫ್ 6 ಸೆಂ.ಮೀ., ಈಗ ಅರ್ಧ ಮಡಚಿ ಹಾಕಲು. ಮಡಚಿದಾಗ 20, ಬಿಚ್ಚಿದಾಗ 23. ಒಂದು ವರ್ಷದ ಬೆಳವಣಿಗೆ ಆ ಮಡಿಕೆಯೊಳಗೇ ಇದೆ.

ಗುಂಡಿ ಪಟ್ಟಿಯಲ್ಲಿ ಒಮ್ಮೆ ಕೆಟ್ಟಿತು. ಡಬಲ್ ಕ್ರೋಶಾ ಸಾಲಿನ ಪಕ್ಕದಲ್ಲಿ ಸಾಲಿಗೆ ಎರಡು ಸಿಂಗಲ್ ಕ್ರೋಶಾ ಎಂಬ ಬಾಯಿಪಾಠದಂತೆ 66 ಎತ್ತಿಕೊಂಡರು. 33 ಸೆಂ.ಮೀ. ಉದ್ದಕ್ಕೆ 1.8ರಂತೆ ಹಿಡಿಯುವುದು 59–60 ಮಾತ್ರ. ಹೆಚ್ಚಾದ ಆರು ಸ್ಟಿಚ್ ಮೂರು ಸೆಂ.ಮೀ.ಗೂ ಮಿಕ್ಕ ಉದ್ದ, ಮುಂಭಾಗ ಝಾಲರಿನಂತೆ ಅಲೆಯಾಯಿತು. ಬಿಚ್ಚಿ, ಐದು ಸಾಲಿಗೆ ಒಂಬತ್ತರಂತೆ ಎತ್ತಿಕೊಂಡಾಗ ನೇರ ನಿಂತಿತು. ಗುಂಡಿ ಐದು, ಏಳೂವರೆ ಸೆಂ.ಮೀ. ಅಂತರ. ಗುಂಡಿಗಳನ್ನು ಉಲ್ಲನ್‌ನಲ್ಲಿ ಅಲ್ಲ, ಗಟ್ಟಿ ಹೊಲಿಗೆ ದಾರದಲ್ಲಿ, ಹಿಂದೆ ಒಂದು ಚಿಕ್ಕ ಚಪ್ಪಟೆ ಗುಂಡಿ ಇಟ್ಟು ಹೊಲಿದರು. ಈ ವಯಸ್ಸಿನಲ್ಲಿ ಕಿತ್ತ ಗುಂಡಿ ಸೀದಾ ಬಾಯಿಗೆ ಹೋಗುತ್ತದೆ.

ಒಟ್ಟು ಸುಮಾರು 200 ಗ್ರಾಂ ನೂಲು ಹಿಡಿಯಿತು. ಅದೇ ಡೈ ಲಾಟ್‌ನ (ಒಂದೇ ಸಲ ಬಣ್ಣ ಹಾಕಿದ ಕಂತಿನ) 40 ಗ್ರಾಂ ಎತ್ತಿಟ್ಟರು. ಮೊದಲ ಸ್ವೆಟರನ್ನು ಬಿಚ್ಚಲಿಲ್ಲ, 47 ಸೆಂ.ಮೀ. ದಾರಿಯ ಆ ಕುತ್ತಿಗೆ ತಲೆ 45 ಇದ್ದ, ಹತ್ತು ತಿಂಗಳ ಇನ್ನೊಬ್ಬ ಮೊಮ್ಮಗನಿಗೆ ಸಲೀಸಾಗಿ ಇಳಿಯಿತು.

ಮರುವರ್ಷ

ಮುಂದಿನ ಅಕ್ಟೋಬರ್‌ನಲ್ಲಿ ಎದೆ 52. ಕಾರ್ಡಿಗನ್ 59, ಇನ್ನೂ 7 ಲೂಸ್. ಕಫ್ ಮಡಿಕೆ ಬಿಚ್ಚಿದರು. ಮೈ ಉದ್ದಕ್ಕೆ ನಾಲ್ಕು ಸಾಲು ಬೇಕಾಯಿತು. ಮೇಲಿಂದ ಕೆಳಕ್ಕೆ ಹೆಣೆದದ್ದಾದ್ದರಿಂದ ಅಂಚಿನ ರಿಬ್ ಬಿಚ್ಚಿ ಮುಂದುವರಿಸಬಹುದು, ಆದರೆ ಗುಂಡಿ ಪಟ್ಟಿಯನ್ನು ಪಕ್ಕದಿಂದ ಎತ್ತಿ ಹೆಣೆದಿರುವುದರಿಂದ ಅದನ್ನೂ ಬಿಚ್ಚದೆ ಗತಿಯಿಲ್ಲ. ಎರಡೂ ಪಟ್ಟಿ ಬಿಚ್ಚಿ, ಒಟ್ಟು ಉದ್ದ 37ಕ್ಕೆ 67 ಸ್ಟಿಚ್ ಎತ್ತಿಕೊಂಡು ಮತ್ತೆ ಹೆಣೆದರು. ಗುಂಡಿಗಳ ಅಂತರ ಎಂಟೂವರೆ ಆಯಿತು. ವರ್ಷವಿಡೀ ಒಗೆದ ಮೈಯ ಬಣ್ಣಕ್ಕೂ ಎತ್ತಿಟ್ಟ ನೂಲಿನ ಬಣ್ಣಕ್ಕೂ ಒಂದು ಛಾಯೆ ವ್ಯತ್ಯಾಸ ಬಂದಿತ್ತು. ನಾಲ್ಕು ಸಾಲಿಗೆ ಮಾತ್ರ ಹೊಸ ನೂಲು ಹಾಕಿದರೆ ತೇಪೆಯಂತೆ ಕಾಣುತ್ತದೆ. ಅದಕ್ಕೆ ಆ ನಾಲ್ಕು ಸಾಲು, ಅಂಚು, ಎರಡೂ ಪಟ್ಟಿ ಎಲ್ಲವನ್ನೂ ಹೊಸ ನೂಲಿನಲ್ಲೇ ಹಾಕಿದರು. ಬೇಕೆಂದೇ ಗಾಢ ಬಣ್ಣದ ಬಾರ್ಡರ್ ಕೊಟ್ಟಂತೆ ಬಂತು. ಬಿಚ್ಚಿದ ಹಳೆಯ ನೂಲನ್ನು ಒಗೆದು, ಲಡಿ ಮಾಡಿ ನೇತುಹಾಕಿ ಸುರುಳಿ ಬಿಡಿಸಿ, ಮೊಣಕೈ ಹತ್ತಿರ ಸವೆದ ಎರಡು ಕಡೆ ರಿಪೇರಿಗೆ ಬಳಸಿಕೊಂಡರು.